ದಡದ ಋಣ

ಕಾರವಾರಕ್ಕೆ ಬಂದಿಳಿಯುವ ಪ್ರವಾಸಿಗರಲ್ಲಿ ಬಹಳಷ್ಟು ಮಂದಿಯ ಕಣ್ಣು ಊರಿನ ಮೇಲೆ ನಿಲ್ಲುವುದಿಲ್ಲ, ನೀರಿನಾಚೆಗೆ ಹಾಯುತ್ತದೆ. ಕೂರ್ಮಗಡಕ್ಕೆ ದೋಣಿ ಸಿಗುತ್ತದೆಯೆ, ದೇವಗಡದ ದೀಪಸ್ತಂಭದ ಹತ್ತಿರ ಹೋಗಬಹುದೆ, ಅಂಜುದೀವ್‌ಗೆ ಬಿಡುತ್ತಾರೆಯೆ ಎಂಬಲ್ಲಿಗೆ ವಿಚಾರಣೆ ಮುಗಿಯುತ್ತದೆ. ಊರೆಂದರೆ ರಾತ್ರಿ ತಂಗಲೊಂದು ಕೋಣೆ, ಬೆಳಿಗ್ಗೆ ದೋಣಿ ಹತ್ತಲೊಂದು ಕಟ್ಟೆ, ಅಷ್ಟೆ. ದ್ವೀಪದ ಹಂಬಲದಲ್ಲಿ ತಪ್ಪೇನಿಲ್ಲ. ಸುತ್ತ ನೀರು ತುಂಬಿದ ತುಂಡು ನೆಲ ಮನುಷ್ಯನನ್ನು ಎಂದಿನಿಂದಲೂ ಕರೆಯುತ್ತಲೇ ಬಂದಿದೆ. ಆದರೆ ನಾವು ನಿಜವಾಗಿ ದ್ವೀಪವನ್ನು ಅರಸಿ ಹೋಗುತ್ತೇವೆಯೋ, ದಡದಿಂದ ತಪ್ಪಿಸಿಕೊಂಡು ಹೋಗುತ್ತೇವೆಯೋ?

ಈ ಪ್ರಶ್ನೆಯನ್ನು ಎದುರಿಸಲು ಕಾರವಾರಕ್ಕಿಂತ ತಕ್ಕ ನೆಲ ಸಿಗುವುದು ಕಷ್ಟ. 1883ರಲ್ಲಿ ತರುಣ ರವೀಂದ್ರನಾಥ ಟ್ಯಾಗೋರರು ಬಂದು ತಂಗಿದ್ದು ಇಲ್ಲಿಯೇ. ಅಣ್ಣ ಸತ್ಯೇಂದ್ರನಾಥರು ಆಗ ಇಲ್ಲಿ ನ್ಯಾಯಾಧೀಶರು. ಬೆಳದಿಂಗಳಲ್ಲಿ ಕಾಳಿ ನದಿಯ ಮೇಲೆ ದೋಣಿ ಸಾಗಿದ್ದನ್ನೂ ಮರಳ ಮೇಲೆ ನಡೆದು ಮನೆ ಸೇರಿದ್ದನ್ನೂ ಅವರು ಆತ್ಮಕಥನದಲ್ಲಿ ಅಕ್ಕರೆಯಿಂದ ನೆನೆದಿದ್ದಾರೆ. ಆ ದಿನಗಳಲ್ಲಿ ಈ ದಡದಲ್ಲಿ ಅವರು ಬರೆದ ನಾಟಕ ‘ಪ್ರಕೃತಿರ್ ಪ್ರತಿಶೋಧ್’. ಬಂಧನಗಳನ್ನೆಲ್ಲ ಹರಿದುಕೊಂಡೆನೆಂದು ನಂಬಿ ಗುಹೆ ಸೇರಿದ ಸಂನ್ಯಾಸಿಯೊಬ್ಬನನ್ನು, ಯಾರಿಗೂ ಬೇಡವಾದ ಅನಾಥ ಹುಡುಗಿಯ ಪ್ರೀತಿ ಲೋಕದ ಕಡೆಗೆ ಎಳೆಯುತ್ತದೆ. ಅವನು ಹೆದರಿ ದೂರ ಸರಿಯುತ್ತಾನೆ. ಮನಸ್ಸು ಮಾಗಿ ಹಿಂದಿರುಗುವ ಹೊತ್ತಿಗೆ ಹುಡುಗಿ ಬದುಕಿಲ್ಲ. ಸೀಮೆಯೊಳಗೇ ಅಸೀಮವನ್ನು ಕಾಣುವ ಆನಂದ, ಮುಂದೆ ತಾವು ಬರೆದುದಕ್ಕೆಲ್ಲ ಇದೇ ವಸ್ತುವಾಯಿತೆಂದು ಕವಿ ಹೇಳಿಕೊಂಡರು. ಎದುರಿಗೆ ಕೈಬೀಸಿ ಕರೆಯುವ ದ್ವೀಪಗಳಿದ್ದ ಊರಿನಲ್ಲಿ ಕೂತು, ಮರಳಿ ಬರುವವನ ಕತೆಯನ್ನು ಅವರು ಬರೆದರು. ಅದನ್ನು ಬರಿಯ ಆಕಸ್ಮಿಕವೆಂದು ಬಿಟ್ಟುಬಿಡಲು ಮನಸ್ಸಾಗುವುದಿಲ್ಲ.

ಹೊರಟು ಹೋಗುವುದು ಸುಲಭ. ಎಲ್ಲಿಗೆ ಮರಳಬೇಕೆಂಬ ಅರಿವು ಉಳಿಯುವುದೇ ಕಷ್ಟ. ಎದುರಿನ ಮೂರು ದ್ವೀಪಗಳೂ, ತಮ್ಮ ತಮ್ಮ ರೀತಿಯಲ್ಲಿ, ಇದನ್ನೇ ಹೇಳುವಂತಿವೆ.

ಅಂಜುದೀವ್‌ನ ಚರಿತ್ರೆಯನ್ನು ನೋಡೋಣ. ವಾಸ್ಕೋ ಡ ಗಾಮಾ 1498ರಲ್ಲಿ ಇಲ್ಲಿ ಹಡಗು ನಿಲ್ಲಿಸಿದ; 1505ರಲ್ಲಿ ಪೋರ್ಚುಗೀಸರು ಕೋಟೆ ಕಟ್ಟಿದರು. ಮುಂಬಯಿಯನ್ನು ವಶಕ್ಕೆ ಪಡೆಯಲು 1662ರಲ್ಲಿ ಬಂದ ಇಂಗ್ಲಿಷ್ ಪಡೆಗೆ ಪೋರ್ಚುಗೀಸರು ಊರು ಬಿಟ್ಟುಕೊಡದೆ ಹೋದಾಗ, ಆ ಸೈನಿಕರು ಬಂದಿಳಿದದ್ದು ಈ ನಡುಗಡ್ಡೆಯಲ್ಲಿ. ನೂರಾರು ಮಂದಿ ಇಲ್ಲಿ ಕಾದರು, ವರ್ಷಗಳು ಉರುಳಿದವು. ರೋಗಕ್ಕೆ ಒಬ್ಬೊಬ್ಬರಾಗಿ ಬಲಿಯಾದರು. ಅವರ ನಾಯಕ ಅಬ್ರಹಾಂ ಶಿಪ್‌ಮನ್ 1664ರಲ್ಲಿ ತೀರಿಕೊಂಡ. ಕೊನೆಗೆ ಮುಂಬಯಿ ಕೈಸೇರಿದಾಗ ಉಳಿದವರು ನೂರರ ಆಸುಪಾಸು. ನಾವು ಸ್ವರ್ಗವೆಂದು ಕಲ್ಪಿಸಿಕೊಳ್ಳುವ ದ್ವೀಪವು, ಮರಳಲು ದಡವಿಲ್ಲದವರಿಗೆ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷ್ಯ ಬೇಕೆ? ಸ್ವತಂತ್ರ ಭಾರತವೂ ಈ ದ್ವೀಪಕ್ಕಾಗಿ ಬೆಲೆ ತೆತ್ತಿದೆ. 1961ರ ಡಿಸೆಂಬರಿನಲ್ಲಿ ಅಂಜುದೀವ್‌ ಅನ್ನು ಪೋರ್ಚುಗೀಸರಿಂದ ಬಿಡಿಸಿಕೊಳ್ಳುವಾಗ ನೌಕಾಪಡೆಯ ಏಳು ಮಂದಿ ಪ್ರಾಣ ಕೊಟ್ಟರು. ಇಂದು ಅದು ನೌಕಾನೆಲೆಯ ಭಾಗ. ನಮಗೆ ಕಾಣುವುದಕ್ಕಷ್ಟೆ ಇದೆ, ಹೋಗುವುದಕ್ಕಿಲ್ಲ. ಕಣ್ಣೆದುರು ಇರುವುದೆಲ್ಲ ಕಾಲಿಗೆ ಸಿಗಬೇಕೆಂಬ ಹಟವನ್ನು ಬಿಡುವುದೂ ಬಾಳಿನ ಒಂದು ಕಲಿಕೆಯಲ್ಲವೆ?

ದೇವಗಡದ್ದು ಬೇರೆ ಬಗೆ. ಹತ್ತೊಂಬತ್ತನೆಯ ಶತಮಾನದಿಂದ ಅಲ್ಲಿ ದೀಪ ಉರಿಯುತ್ತಿದೆ. ಆ ದೀಪ ಯಾರಿಗಾಗಿ? ತನ್ನ ಬಳಿಗೆ ಬನ್ನಿರೆಂದು ಅದು ಕರೆಯುವುದಿಲ್ಲ. ಇಲ್ಲಿ ಬಂಡೆಯಿದೆ, ದೂರ ಸರಿದು ನಿಮ್ಮ ಬಂದರು ಸೇರಿರಿ ಎಂದು ಎಚ್ಚರಿಸುತ್ತದೆ. ತನ್ನಿಂದ ದೂರ ಉಳಿದವರನ್ನು ಕಾಯುವುದೇ ಅದರ ಧರ್ಮ.

ಇನ್ನು ಕೂರ್ಮಗಡ. ಪುಷ್ಯ ಹುಣ್ಣಿಮೆಯ ದಿನ ಅಲ್ಲಿನ ನರಸಿಂಹ ದೇವರ ಜಾತ್ರೆಗೆ ಕಡಲ ಮಕ್ಕಳೂ ಊರ ಜನರೂ ದೋಣಿಗಳಲ್ಲಿ ಹೋಗುತ್ತಾರೆ. ಹಣ್ಣುಕಾಯಿ ಒಪ್ಪಿಸಿ ಪ್ರಸಾದದೊಡನೆ ಮರಳುತ್ತಾರೆ. ವರ್ಷವಿಡೀ ತಮ್ಮನ್ನು ಕಾಯುವ ದೇವರನ್ನು ಕಾಣಲು ಒಂದು ದಿನ ಹೋಗಿಬರುವ ಈ ಪದ್ಧತಿಯಲ್ಲಿ ಎಂಥ ವಿವೇಕವಿದೆ! ಅವರು ದ್ವೀಪಕ್ಕೆ ಕೊಡಲು ಹೋಗುತ್ತಾರೆ. ನಾವು ಪಡೆಯಲು ಹೋಗುತ್ತೇವೆ: ಒಂದಿಷ್ಟು ಮೌನವನ್ನು, ಒಂದಿಷ್ಟು ಚಿತ್ರಗಳನ್ನು. ಕೊಡಲು ನಮ್ಮಲ್ಲಿ ಏನಿದೆ ಎಂದು ಒಮ್ಮೆಯಾದರೂ ಕೇಳಿಕೊಂಡಿದ್ದೇವೆಯೆ?

ಇದೇ ಜಾತ್ರೆಯಿಂದ ಮರಳುತ್ತಿದ್ದ ದೋಣಿಯೊಂದು 2019ರ ಜನವರಿ 21ರಂದು ಮಗುಚಿ 16 ಜನ ತೀರಿಕೊಂಡರು. ದೋಣಿಯಲ್ಲಿ ಮಿತಿಮೀರಿ ಜನರಿದ್ದರು. ಸಮುದ್ರವನ್ನು ದೂರುವುದು ಸುಲಭ. ಆದರೆ ಸಮುದ್ರ ಅಂದೂ ಸಮುದ್ರದಂತೆಯೇ ಇತ್ತು. ಎಷ್ಟು ಜನ ಹತ್ತಬಹುದು, ಎಂದು ಹೊರಡಬಾರದು ಎಂಬುದನ್ನು ನಿರ್ಧರಿಸಬೇಕಾದ ಸ್ಥಳ ದಡ. ಮಿತಿಯ ಮಾತು ದಡದಲ್ಲಿ ಮುಗಿಯದಿದ್ದರೆ ನೀರಿನ ಮೇಲೆ ಅದಕ್ಕೆ ಅವಕಾಶವೆಲ್ಲಿ?

ಬೈತಖೋಲದ ಬಂದರಿನಲ್ಲಿ ನಿಂತರೆ ಈ ಮಿತಿಯನ್ನು ಬದುಕಾಗಿಸಿಕೊಂಡವರು ಕಾಣುತ್ತಾರೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲ. ಮೀನು ಮರಿ ಮಾಡುವ ಕಾಲ, ಕಡಲು ಕೆರಳುವ ಕಾಲ. ಆ ದಿನಗಳಲ್ಲಿ ಬಲೆ ಹೆಣೆಯುತ್ತಾರೆ, ದೋಣಿ ದುರಸ್ತಿ ಮಾಡುತ್ತಾರೆ. ಕಾಯುವುದು ಅವರಿಗೆ ಕಳೆದುಹೋದ ಕಾಲವಲ್ಲ, ಕೆಲಸದ್ದೇ ಒಂದು ಭಾಗ. ಗಾಳಿ ಜೋರೆಂದು ಒಂದು ದಿನ ದೋಣಿ ಹೊರಡದಿದ್ದರೆ ರಜೆ ಹಾಳಾಯಿತೆಂದು ಸಿಡಿಮಿಡಿಗೊಳ್ಳುವ ನಾವು ಈ ಜನರಿಂದ ಕಲಿಯಬೇಕಾದ್ದು ಎಷ್ಟಿಲ್ಲ?

ಇಲ್ಲಿ ಕಾದವರಷ್ಟೇ ಅಲ್ಲ, ಬಿಟ್ಟುಕೊಟ್ಟವರೂ ಇದ್ದಾರೆ. 1986ರಲ್ಲಿ ಸೀಬರ್ಡ್ ನೌಕಾನೆಲೆಗೆ ಅಡಿಗಲ್ಲು ಬಿತ್ತು. ಮುಂದೆ ಕಾರವಾರ, ಅಂಕೋಲೆಗಳ ಕರಾವಳಿಯ ಹಳ್ಳಿಗಳ ಜನ ದೇಶದ ರಕ್ಷಣೆಗೆಂದು ಮನೆ, ಗದ್ದೆ, ದೋಣಿ ಎಳೆಯುತ್ತಿದ್ದ ಮರಳದಂಡೆ ಎಲ್ಲವನ್ನೂ ಬಿಟ್ಟು ಎದ್ದುಹೋದರು. ದಡ ಕಳೆದುಕೊಂಡವರು ಇರುವ ಊರಿನಲ್ಲಿ ನಿಂತು, ದಡ ಬೇಸರವೆಂದು ದ್ವೀಪಕ್ಕೆ ಹೊರಡುವಾಗ ನಮ್ಮ ಹೆಜ್ಜೆ ಸ್ವಲ್ಪವಾದರೂ ವಿನಯದಿಂದ ಭಾರವಾಗಬೇಡವೆ?

ತಂಗುವ ಊರನ್ನು ನಾವು ಏಣಿಯಂತೆ ಬಳಸುತ್ತೇವೆ, ಹತ್ತಿ ಮುಗಿದ ಮೇಲೆ ಮರೆತುಬಿಡುತ್ತೇವೆ. ಬಾಳಿನಲ್ಲಿಯೂ ಹೀಗೆಯೇ ಅಲ್ಲವೆ? ನಮ್ಮನ್ನು ದೂರಕ್ಕೆ ಕಳಿಸಿಕೊಟ್ಟ ಮನೆ, ಶಾಲೆ, ಊರು ಎಲ್ಲವನ್ನೂ ದಾಟಿ ಬಂದ ಮೆಟ್ಟಿಲೆಂದೇ ಎಣಿಸಿ ಮುಂದೆ ಸಾಗುತ್ತೇವೆ. ಆದರೆ ದೂರ ಹೋಗುವ ಶಕ್ತಿ ಬಂದದ್ದು ಅಲ್ಲಿಂದಲೇ; ಹೋಗಿ ಮರಳಿದಾಗ ಹೇಗಿದ್ದೀಯ ಎಂದು ಕೇಳುವವರು ಇರುವುದೂ ಅಲ್ಲಿಯೇ.

ಆದ್ದರಿಂದ ದ್ವೀಪಕ್ಕೆ ಹೋಗೋಣ, ಖಂಡಿತ ಹೋಗೋಣ. ಆದರೆ ಅದಕ್ಕೆ ಮೊದಲು ಒಂದೆರಡು ದಿನ ಊರಿಗೆ ಕೊಡೋಣ. ಸದಾಶಿವಗಡದ ಗುಡ್ಡ ಹತ್ತಿ ಕಾಳಿ ಕಡಲನ್ನು ಸೇರುವುದನ್ನು ನೋಡೋಣ. ಮೀನುಪೇಟೆಯ ಕೊಂಕಣಿ ಮಾತಿಗೆ ಕಿವಿಗೊಡೋಣ. ದೋಣಿಯವರು ಇಂದು ಬೇಡವೆಂದರೆ ಅದನ್ನು ಹಿರಿಯರ ಮಾತೆಂದು ಮನ್ನಿಸೋಣ, ಜೀವರಕ್ಷಕ ಅಂಗಿ ತೊಡದೆ ದೋಣಿ ಹತ್ತದಿರೋಣ. ಒಯ್ದ ಪ್ಲಾಸ್ಟಿಕ್ಕನ್ನು ಒಂದೂ ಬಿಡದೆ ಮರಳಿ ತರೋಣ. ದಡಕ್ಕೆ ಸಲ್ಲಬೇಕಾದ ಗೌರವವನ್ನು ಮೊದಲು ಸಲ್ಲಿಸಿ ಹೊರಡುವವರಿಗೇ ದ್ವೀಪ ದಕ್ಕುತ್ತದೆ.