ಬೂಸ್ಟ್‌ನಲ್ಲಿ ಜಗ್ಗುವ ಎಂಜಿನ್: ಒಂದು ಕಾರಣಮೀಮಾಂಸೆ

ವಿಷಯ ಇದು. ಟರ್ಬೊ ಪೆಟ್ರೋಲ್ ಕಾರೊಂದು ಊರೊಳಗೆ ಸರಿಯಾಗಿಯೇ ಓಡುತ್ತದೆ, ಐಡಲ್ ಕೂಡ ನಯವಾಗಿದೆ. ಆದರೆ ಶಿರಾಡಿ ಘಾಟಿಯ ಏರಿನಲ್ಲಿ, ತುಂಬಿದ ಕಾರನ್ನು ಮೂರನೇ ಗೇರಿನಲ್ಲಿ ಹತ್ತಿಸುವಾಗ, ಟರ್ಬೊ ಗಾಳಿ ತುಂಬತೊಡಗಿದ ಕೂಡಲೇ, ಅಂದರೆ ಬೂಸ್ಟ್ ಬಂದೊಡನೆ, ಎಂಜಿನ್ ಜಗ್ಗುತ್ತದೆ. ಗಳಿಗೆಯ ಮಟ್ಟಿಗೆ ಎಳೆತ ಬಿಟ್ಟು ಮತ್ತೆ ಹಿಡಿಯುತ್ತದೆ. ಗ್ಯಾರೇಜಿನಲ್ಲಿ ಇದಕ್ಕೆ ‘ಮಿಸ್ ಹೊಡೀತಿದೆ’ ಅನ್ನುತ್ತಾರೆ, ಇಲ್ಲವೇ ‘ಪಿಕಪ್ ಇಲ್ಲ’ ಅನ್ನುತ್ತಾರೆ. ಇವೆರಡೂ ಒಂದೇ ಅಲ್ಲ ಎಂಬುದನ್ನು ಮುಂದೆ ನೋಡೋಣ.

ಸಂಶಯ ಹೀಗೆ: ದೋಷ ಟರ್ಬೊದ್ದೋ, ಕಿಡಿಯದ್ದೋ, ಇಂಧನದ್ದೋ? ಅಥವಾ ಏನೂ ಕೆಡದೆ ಇಸಿಯು (ಎಂಜಿನ್ನಿನ ಕಂಪ್ಯೂಟರ್) ತಾನೇ ಎಂಜಿನ್ನನ್ನು ಹಿಡಿದು ನಿಲ್ಲಿಸುತ್ತಿದೆಯೋ?

ಮೊದಲ ಪೂರ್ವಪಕ್ಷ ಟರ್ಬೊ ವಿರುದ್ಧ. ಬೂಸ್ಟ್ ಇದ್ದಾಗ ಜಗ್ಗುತ್ತದೆ, ಇಲ್ಲದಾಗ ಜಗ್ಗುವುದಿಲ್ಲ. ಅನ್ವಯವೂ ಸಿಕ್ಕಿತು, ವ್ಯತಿರೇಕವೂ ಸಿಕ್ಕಿತು, ಆದ್ದರಿಂದ ಟರ್ಬೊ ಕೆಟ್ಟಿದೆ ಎನ್ನುತ್ತಾರೆ. ಈ ವಾದ ನಿಲ್ಲುವುದಿಲ್ಲ. ಬೂಸ್ಟ್ ಬಂದಾಗ ಬದಲಾಗುವುದು ಟರ್ಬೊ ಒಂದೇ ಅಲ್ಲ. ಸಿಲಿಂಡರಿನ ಒತ್ತಡ ಏರುತ್ತದೆ, ಕಿಡಿಗೆ ಬೇಕಾದ ವೋಲ್ಟೇಜ್ ಏರುತ್ತದೆ, ಇಂಧನದ ಬೇಡಿಕೆ ಏರುತ್ತದೆ, ಹೋಸುಗಳ ಜೋಡಣೆಯ ಮೇಲೆ ಒಳಗಿನಿಂದ ಒತ್ತಡ ಬೀಳುತ್ತದೆ. ಎಲ್ಲವೂ ಒಟ್ಟಿಗೇ ಬಂದು ಒಟ್ಟಿಗೇ ಹೋಗುವಾಗ ಅವುಗಳಲ್ಲಿ ಒಂದನ್ನು ಮಾತ್ರ ಕಾರಣವೆಂದು ಹಿಡಿಯುವುದು ಹೇಗೆ? ಏರು ಎತ್ತನ್ನು ಕುಂಟು ಮಾಡುವುದಿಲ್ಲ, ಮೊದಲೇ ಕುಂಟಿದ್ದರೆ ತೋರಿಸಿಕೊಡುತ್ತದೆ. ಬೂಸ್ಟ್ ಮಾಡುವುದೂ ಅಷ್ಟನ್ನೇ.

ಇನ್ನು ಸಿದ್ಧಾಂತ. ಯಾವ ಭಾಗ ಕೆಟ್ಟಿದೆ ಎಂದು ಕೇಳುವ ಮೊದಲು, ಎಂಜಿನ್ ಸೋಲುತ್ತಿದೆಯೋ ಅಥವಾ ಇಸಿಯು ಅದನ್ನು ತಡೆಯುತ್ತಿದೆಯೋ ಎಂಬುದನ್ನು ಇತ್ಯರ್ಥ ಮಾಡಿಕೊಳ್ಳಬೇಕು. ಕಿಡಿ ಹಾರದಿದ್ದರೆ ಅದು ಸೋಲು: ಆ ಸಿಲಿಂಡರ್ ಆ ಸುತ್ತಿನಲ್ಲಿ ಏನೂ ಕೊಡುವುದಿಲ್ಲ, ಕಾರು ಕುಕ್ಕಿದಂತೆ ಜಗ್ಗುತ್ತದೆ. ಇದು ‘ಮಿಸ್’. ನಾಕಿಂಗ್ ಕೇಳಿಸಿಕೊಂಡು, ಅಥವಾ ಒಳಬರುವ ಗಾಳಿ ಕಾದಿದೆ ಎಂದು ಅರಿತು, ಇಸಿಯು ಕಿಡಿಯ ಸಮಯವನ್ನು ಹಿಂದಕ್ಕೆ ಸರಿಸಿದರೆ ಅದು ತಡೆ: ಎಳೆತ ಮೆತ್ತಗಾಗುತ್ತದೆ, ಜಗ್ಗುವುದಿಲ್ಲ. ಇದು ‘ಪಿಕಪ್ ಇಲ್ಲ’. ಬೂಸ್ಟನ್ನು ಮಿತಿಯಲ್ಲಿಡುವ ವೇಸ್ಟ್‌ಗೇಟ್ ಸಿಕ್ಕಿಕೊಂಡು ಒತ್ತಡ ಮಿತಿ ಮೀರಿದಾಗ ಇಸಿಯು ಥ್ರಾಟಲ್ ಮುಚ್ಚುತ್ತದೆ ಅಥವಾ ಇಂಧನ ಕಡಿಯುತ್ತದೆ. ಇದೂ ತಡೆಯೇ, ಆದರೆ ಒರಟು ತಡೆ. ಮೈಗೆ ಮಿಸ್‌ನಂತೆಯೇ ಅನ್ನಿಸುತ್ತದೆ. ಆದ್ದರಿಂದ ಮೈಯ ಸಾಕ್ಷಿಯೊಂದೇ ಸಾಲದು. ಸ್ಕ್ಯಾನರಿನಲ್ಲಿ ಪೆಡಲಿನ ಸ್ಥಾನ, ಥ್ರಾಟಲ್ ಕೋನ, ಕೇಳಿದ ಬೂಸ್ಟ್, ಸಿಕ್ಕ ಬೂಸ್ಟ್, ಕಿಡಿಯ ಸಮಯ, ಇಂಧನದ ರೇಲ್ ಒತ್ತಡ ಇಷ್ಟನ್ನೂ ಓಟದಲ್ಲೇ ದಾಖಲಿಸಬೇಕು. ಪರದೆ ನೋಡುವವರು ಪಕ್ಕದ ಸೀಟಿನಲ್ಲಿರಲಿ. ಕಾಲು ಪೂರ್ತಿ ಒತ್ತಿದ್ದರೂ ಥ್ರಾಟಲ್ ಮುಚ್ಚಿಕೊಂಡಿತೆಂದರೆ ತಡೆದದ್ದು ಇಸಿಯು.

ಸೋಲೇ ಎಂದು ಖಚಿತವಾದರೆ, ಅದು ಯಾವ ಆರ್‌ಪಿಎಂನಲ್ಲಿ ಬರುತ್ತದೆ ಎಂಬುದೇ ದೊಡ್ಡ ಸುಳಿವು. ಇದಕ್ಕೆ ಸಿಗಬೇಕಾದಷ್ಟು ಗಮನ ಸಿಗುತ್ತಿಲ್ಲ ಎಂಬುದು ನನ್ನ ಅಭಿಪ್ರಾಯ. 1889ರಲ್ಲಿ ಜರ್ಮನ್ ಭೌತವಿಜ್ಞಾನಿ ಫ್ರೀಡ್ರಿಶ್ ಪಾಶೆನ್ ತೋರಿಸಿಕೊಟ್ಟಂತೆ, ಅನಿಲದಲ್ಲಿ ಕಿಡಿ ಹಾರಲು ಬೇಕಾದ ವೋಲ್ಟೇಜು ಒತ್ತಡ ಮತ್ತು ಅಂತರಗಳ ಗುಣಲಬ್ಧವನ್ನು ಅವಲಂಬಿಸಿದೆ. ಸವೆದ ಪ್ಲಗ್‌ನಲ್ಲಿ ಗ್ಯಾಪ್ ಹಿಗ್ಗಿರುತ್ತದೆ, ಬೂಸ್ಟ್‌ನಲ್ಲಿ ಒತ್ತಡವೂ ಹಿಗ್ಗುತ್ತದೆ. ಹಳೆಯ ಕಾಯಿಲ್ ಎರಡನ್ನೂ ದಾಟಲಾರದು. ಸಿಲಿಂಡರಿನಲ್ಲಿ ಗಾಳಿ ಅತಿ ಹೆಚ್ಚು ತುಂಬುವುದು ಟಾರ್ಕ್ ತುದಿಯಲ್ಲಿ. ಸಣ್ಣ ಟರ್ಬೊ ಎಂಜಿನ್ನುಗಳಲ್ಲಿ ಅದು ಸಾಮಾನ್ಯವಾಗಿ 2,000ದ ಆಸುಪಾಸಿನಲ್ಲೇ ಶುರುವಾಗುತ್ತದೆ. ಹಾಗಾಗಿ ಕಿಡಿಯ ಸೋಲು ಕೆಳಗಿನ ಆರ್‌ಪಿಎಂನಲ್ಲೇ ಮುಖ ತೋರಿಸುತ್ತದೆ, ಮೇಲೆ ಹೋದಂತೆ ಕೆಲವೊಮ್ಮೆ ತಾನೇ ಕಡಿಮೆಯಾಗುತ್ತದೆ. ಇಂಧನದ ದಾರಿ ಬೇರೆ. ನಿಮಿಷಕ್ಕೆ ಎಷ್ಟು ಪೆಟ್ರೋಲ್ ಬೇಕೆಂಬುದು ಶಕ್ತಿಯೊಂದಿಗೆ ಏರುತ್ತದೆ. ಪಂಪು ಸೊರಗಿದ್ದರೆ ಅಥವಾ ಫಿಲ್ಟರ್ ಕಟ್ಟಿದ್ದರೆ ಕೆಳಗೆ ಚೆನ್ನಾಗಿ ಎಳೆದ ಕಾರು 4,500 ದಾಟಿದ ಮೇಲೆ ಸಾಯುತ್ತದೆ, ಆಗ ರೇಲ್ ಒತ್ತಡವೂ ಕುಸಿಯುತ್ತದೆ.

ಇಲ್ಲೊಂದು ಮೋಸವಿದೆ. ಮಿಸ್ ಆದ ಸಿಲಿಂಡರಿನಿಂದ ಬಳಕೆಯಾಗದ ಆಮ್ಲಜನಕ ಹೊರಬೀಳುತ್ತದೆ. ಆಕ್ಸಿಜನ್ ಸೆನ್ಸರ್ ಅದನ್ನು ಕಂಡು ಮಿಶ್ರಣದಲ್ಲಿ ಪೆಟ್ರೋಲ್ ಕಡಿಮೆಯಿದೆ ಎಂದು ವರದಿ ಮಾಡುತ್ತದೆ. ಅದನ್ನು ನಂಬಿ ಪಂಪು ಬದಲಿಸಿದರೆ ಹಣ ಹೋಗುತ್ತದೆ, ಜಗ್ಗುವುದು ಉಳಿಯುತ್ತದೆ. ರೇಲ್ ಒತ್ತಡ ನೋಡದೆ ಇಂಧನವನ್ನು ದೂರಬಾರದು.

ಗಾಳಿಯ ಸೋರಿಕೆ ಅಷ್ಟು ಕಷ್ಟದ್ದಲ್ಲ. ಗಾಳಿಯ ಹರಿವನ್ನೇ ಅಳೆಯುವ ಸೆನ್ಸರಿನ ಕಾರಿನಲ್ಲಿ, ಲೆಕ್ಕಕ್ಕೆ ಬಂದ ಗಾಳಿ ಹೋಸಿನಿಂದ ಸೋರಿಹೋದರೆ ಪೆಟ್ರೋಲ್ ಹೆಚ್ಚಾಗಿ ಕಪ್ಪು ಹೊಗೆ ಬರುತ್ತದೆ. ಒತ್ತಡ ಅಳೆದು ಲೆಕ್ಕ ಹಾಕುವ ಕಾರಿನಲ್ಲಿ ಮಿಶ್ರಣ ಕೆಡುವುದಿಲ್ಲ, ಬೂಸ್ಟ್ ಮಾತ್ರ ಕೇಳಿದಷ್ಟು ಸಿಗುವುದಿಲ್ಲ. ಸ್ಮೋಕ್ ಟೆಸ್ಟ್ ಮಾಡಿದರೆ ಸೋರುವ ಜಾಗ ಕಣ್ಣಿಗೇ ಬೀಳುತ್ತದೆ. ಅಂಕಿ ಓದುವಾಗ ಮಾತ್ರ ಎಚ್ಚರ ಬೇಕು: ಸ್ಕ್ಯಾನರಿನ ಒತ್ತಡದಲ್ಲಿ ಹೊರಗಿನ ವಾಯುಭಾರವೂ ಸೇರಿರುತ್ತದೆ. 190 ಕಿಲೊಪಾಸ್ಕಲ್ ಎಂದರೆ ಮಂಗಳೂರಿನಲ್ಲಿ ಬೂಸ್ಟ್ ಸುಮಾರು 89, ಬೆಂಗಳೂರಿನಲ್ಲಿ ಸುಮಾರು 99. ಅದೇ ಅಂಕಿ ಮುಟ್ಟಲು ಎತ್ತರದ ಊರಿನಲ್ಲಿ ಟರ್ಬೊ ಹೆಚ್ಚು ದುಡಿಯಬೇಕು. ಕರಾವಳಿಯಲ್ಲಿ ಅಡಗಿದ್ದ ಸಣ್ಣ ಸೋರಿಕೆ ಸಕಲೇಶಪುರದ ಹೊತ್ತಿಗೆ ಹೊರಬೀಳುವುದು ಇದರಿಂದಲೇ.

ಎರಡನೆಯ ಆಕ್ಷೇಪ: ಚೆಕ್ ಎಂಜಿನ್ ದೀಪ ಹತ್ತಿಲ್ಲ, ಕೋಡ್ ಬಂದಿಲ್ಲ, ದೋಷ ಎಲ್ಲಿದೆ? ಉತ್ತರ: ಇಸಿಯು ಮಿಸ್‌ಗಳನ್ನು 200 ಅಥವಾ 1,000 ಸುತ್ತುಗಳ ಕಂತಿನಲ್ಲಿ ಎಣಿಸುತ್ತದೆ. ಒಂದೆರಡು ಸೆಕೆಂಡಿನ ಜಗ್ಗು ಆ ಮಿತಿ ಮುಟ್ಟದೆಯೇ ಮುಗಿದಿರಬಹುದು. ಕೋಡ್ ಇಲ್ಲ ಎಂದರೆ ಮಿತಿ ದಾಟಿಲ್ಲ ಎಂದಷ್ಟೇ ಅರ್ಥ. ಸಿಲಿಂಡರುವಾರು ಮಿಸ್ ಎಣಿಕೆಯನ್ನು ಲೈವ್ ಡೇಟಾದಲ್ಲೇ ನೋಡಬೇಕು.

ಮೂರನೆಯದು ಹೆಚ್ಚು ಗಟ್ಟಿಯಾದ ಆಕ್ಷೇಪ, ಹೇಳುವವರು ಅನುಭವಿ ಮೆಕ್ಯಾನಿಕ್‌ಗಳು: ಬಹುಪಾಲು ಪ್ಲಗ್ಗೋ ಕಾಯಿಲ್ಲೋ ಆಗಿರುತ್ತದೆ, ಬದಲಿಸಿ ನೋಡಿದರಾಯಿತು, ಇಷ್ಟೆಲ್ಲ ಯಾಕೆ? ಇದನ್ನು ಅರ್ಧ ಒಪ್ಪುತ್ತೇನೆ. ಪ್ಲಗ್ ಬಿಚ್ಚಿ ನೋಡುವುದೇ ಮೊದಲ ಕೆಲಸವಾಗಲಿ. ಗ್ಯಾಪನ್ನು ಕಾರಿನ ಕೈಪಿಡಿಯ ಅಳತೆಗೆ ಹೋಲಿಸಿ. ಇರಿಡಿಯಂ ಪ್ಲಗ್‌ನ ತೆಳು ತುದಿಯನ್ನು ಮಾತ್ರ ಫೀಲರ್ ಗೇಜಿನಿಂದ ಮೀಟಬೇಡಿ. ಆದರೆ ಪ್ಲಗ್, ಕಾಯಿಲ್, ಫಿಲ್ಟರ್ ಮೂರನ್ನೂ ಒಟ್ಟಿಗೆ ಬದಲಿಸಿದರೆ ವಾಸಿಯಾದದ್ದು ಯಾವುದರಿಂದ ಎಂಬುದು ಯಾರಿಗೂ ತಿಳಿಯುವುದಿಲ್ಲ, ಗಿರಾಕಿ ಮೂರಕ್ಕೂ ದುಡ್ಡು ತೆರುತ್ತಾನೆ. ಅದರ ಬದಲು, ಮಿಸ್ ಎರಡನೇ ಸಿಲಿಂಡರಿನಲ್ಲಿದೆ ಎನ್ನಿ, ಅದರ ಕಾಯಿಲನ್ನು ಮೂರಕ್ಕೆ, ಮೂರರದ್ದನ್ನು ಎರಡಕ್ಕೆ ಹಾಕಿ ಓಡಿಸಿ. ಮಿಸ್ ಅದರ ಹಿಂದೆಯೇ ಮೂರಕ್ಕೆ ಹೋದರೆ ಕಾಯಿಲ್ ಕೆಟ್ಟಿದೆ. ಎರಡರಲ್ಲೇ ಉಳಿದರೆ ಪ್ಲಗ್, ಇಂಜೆಕ್ಟರ್ ಅಥವಾ ಕಂಪ್ರೆಶನ್ ಕಡೆ ಹೋಗಬೇಕು. ಇದು ನಿಜವಾದ ಅನ್ವಯ-ವ್ಯತಿರೇಕ, ಇದಕ್ಕೆ ಬಿಡಿಭಾಗದ ಖರ್ಚೂ ಇಲ್ಲ.

ನಾಲ್ಕನೆಯದು ಈಗಿನ ಮಾತು: ಎಲ್ಲಕ್ಕೂ ಎಥನಾಲ್ ಬೆರೆಸಿದ ಇ20 ಪೆಟ್ರೋಲೇ ಕಾರಣ. ಎಥನಾಲ್ ನಾಕಿಂಗನ್ನು ತಡೆದುಕೊಳ್ಳುವ ಗುಣದ್ದು, ಆ ಕಡೆಯಿಂದ ಬೂಸ್ಟ್‌ಗೆ ಅದು ಅನುಕೂಲವೇ. ಆದರೆ ಅದರಲ್ಲಿ ಶಕ್ತಿ ಕಡಿಮೆ, ಅಷ್ಟೇ ಗಾಳಿಗೆ ಹೆಚ್ಚು ಇಂಧನ ಬೇಕು. ಮೊದಲೇ ಸೊರಗಿದ ಪಂಪು ಇದರಿಂದ ಬೇಗ ಬಯಲಾಗಬಹುದು. 2,000 ಆರ್‌ಪಿಎಂನಲ್ಲಿ ಒಂದೇ ಸಿಲಿಂಡರ್ ಮಿಸ್ ಹೊಡೆಯುತ್ತಿದ್ದರೆ ಇ20ಯನ್ನು ದೂರುವುದು ಸಲ್ಲ. ಎಲ್ಲ ಸಿಲಿಂಡರಿಗೂ ಹೋಗುವುದು ಅದೇ ಪೆಟ್ರೋಲ್.

ಘಾಟಿಯಲ್ಲಿ ಮಾತ್ರ ತಾನೇ, ಮುಂದಿನ ಸರ್ವೀಸಿಗೆ ನೋಡಿದರಾಯಿತು ಎನ್ನುವವರಿಗೂ ಉತ್ತರವಿದೆ. ಮಿಸ್ ಆದ ಪ್ರತಿ ಸಲವೂ ಸುಡದ ಪೆಟ್ರೋಲ್ ಕ್ಯಾಟಲಿಟಿಕ್ ಕನ್ವರ್ಟರಿಗೆ ಹೋಗಿ ಅಲ್ಲಿ ಉರಿಯುತ್ತದೆ. ಒಳಗಿನ ಜೇನುಗೂಡು ಕರಗಿ ಕಟ್ಟಿಕೊಂಡರೆ ಹೊಗೆಗೆ ದಾರಿಯಿಲ್ಲ. ಆಮೇಲೆ ಹೊಸ ಕಾಯಿಲ್ ಹಾಕಿದರೂ ಕಾರು ಎಳೆಯದು, ಕನ್ವರ್ಟರಿನ ಬೆಲೆಯ ಮುಂದೆ ಕಾಯಿಲ್ ಬೆಲೆ ಏನೂ ಅಲ್ಲ. ಗ್ಯಾರೇಜಿಗೆ ಒಯ್ಯುವ ತನಕ ಏರಿನಲ್ಲಿ ಒಂದು ಗೇರ್ ಇಳಿಸಿ, ಆಕ್ಸಿಲರೇಟರನ್ನು ಅರ್ಧಕ್ಕಿಂತ ಹೆಚ್ಚು ಒತ್ತದೆ ಹತ್ತಿಸಿ.