ಉಬ್ಬಿದ ಬ್ಯಾಟರಿ ಮತ್ತು ಕಾಣದ ನೆರೆಯವರು

2020ರ ಮಹಾಮಾರಿಯ ದಿನಗಳಲ್ಲಿ ಶಾಲೆಯೇ ಮನೆಯೊಳಗೆ ಬಂದಾಗ, ಹುಬ್ಬಳ್ಳಿ-ಧಾರವಾಡದ ಎಷ್ಟೋ ಕುಟುಂಬಗಳು ಕಷ್ಟಪಟ್ಟು ಒಂದು ಲ್ಯಾಪ್‌ಟಾಪ್ ಕೊಂಡವು. ಆ ಯಂತ್ರಗಳಿಗೆ ಈಗ ವಯಸ್ಸಾಗಿದೆ. ಕೆಲವು ಮೇಜಿನ ಮೇಲೆ ಸಮನಾಗಿ ಕೂಡುವುದಿಲ್ಲ. ಮುಚ್ಚಳ ಪೂರ್ತಿ ಮುಚ್ಚುವುದಿಲ್ಲ. ಬೆರಳಾಡಿಸುವ ಪಟ್ಟಿ ಮೇಲೆದ್ದಿರುತ್ತದೆ. ಒಳಗಿನ ಬ್ಯಾಟರಿ ಉಬ್ಬಿದೆ ಎಂಬುದರ ಲಕ್ಷಣಗಳಿವು.

ಲಿಥಿಯಂ-ಅಯಾನ್ ಬ್ಯಾಟರಿ ಮಾರುಕಟ್ಟೆಗೆ ಬಂದದ್ದು 1991ರಲ್ಲಿ. ಅದನ್ನು ರೂಪಿಸಿದ ಮೂವರು ವಿಜ್ಞಾನಿಗಳಿಗೆ 2019ರಲ್ಲಿ ನೊಬೆಲ್ ಪಾರಿತೋಷಕವೂ ಸಂದಿತು. ಅದರ ತೆಳುವಾದ ಪದರಗಳ ನಡುವೆ ಸುಲಭವಾಗಿ ಹೊತ್ತಿಕೊಳ್ಳುವ ದ್ರಾವಣವಿರುತ್ತದೆ. ವಯಸ್ಸು, ಧಗೆ, ಹಗಲಿರುಳು ಚಾರ್ಜಿನಲ್ಲೇ ಇಡುವ ಅಭ್ಯಾಸ ಇವುಗಳಿಂದ ಆ ದ್ರಾವಣ ವಿಘಟನೆಗೊಂಡು ಅನಿಲವಾಗುತ್ತದೆ. ಹೊರಹೋಗಲು ದಾರಿಯಿಲ್ಲದೆ ಚೀಲವನ್ನು ಉಬ್ಬಿಸುತ್ತದೆ. ಒತ್ತಿದರೆ, ಚುಚ್ಚಿದರೆ ಅಥವಾ ಮತ್ತೆ ಚಾರ್ಜ್ ಮಾಡಿದರೆ ಬೆಂಕಿ ಏಳಬಹುದು. ಸೂಜಿಯಿಂದ ಗಾಳಿ ಬಿಡುವ ಜಾಣತನ ಯಾರಿಗೂ ಬೇಡ! ಯಂತ್ರವನ್ನು ಆರಿಸಿ, ಚಾರ್ಜರ್ ತೆಗೆದು, ಹಾಸಿಗೆ-ಕಾಗದಗಳಿಂದ ದೂರ ಕಲ್ಲುನೆಲದ ಮೇಲಿಟ್ಟು, ಬಲ್ಲ ತಂತ್ರಜ್ಞರಿಂದಲೇ ಬ್ಯಾಟರಿ ತೆಗೆಸಬೇಕು.

ಇದು ರಸಾಯನಶಾಸ್ತ್ರದ ಮಾತಾಯಿತು. ನೀತಿಯ ಪ್ರಶ್ನೆ ಹುಟ್ಟುವುದು 'ಹೇಗಾದರೂ ಇದು ನಮ್ಮ ಮನೆಯಿಂದ ಹೋದರೆ ಸಾಕು' ಎಂದುಕೊಂಡ ಗಳಿಗೆಯಲ್ಲಿ. ಕೆಲವರು ಅದನ್ನು ಕಸದ ಗಾಡಿಗೆ ಹಾಕುತ್ತಾರೆ. ಕೆಲವರು ಏನೂ ಹೇಳದೆ ಅಗ್ಗಕ್ಕೆ ಮಾರುತ್ತಾರೆ. ಇನ್ನು ಕೆಲವರು ಬಡ ವಿದ್ಯಾರ್ಥಿಗೆ ದಾನ ಮಾಡಿ ಪುಣ್ಯವನ್ನೂ ಗಳಿಸಿದೆವೆಂದು ನೆಮ್ಮದಿಗೊಳ್ಳುತ್ತಾರೆ. ಮೂರರಲ್ಲಿಯೂ ಅಪಾಯ ಎಳ್ಳಷ್ಟೂ ತಗ್ಗಲಿಲ್ಲ; ಅದರ ವಿಳಾಸ ಬದಲಾಯಿತು, ಅಷ್ಟೆ.

ವಿಮೋಚನಕಾಂಡದಲ್ಲಿ ಹಾಯುವ ಎತ್ತಿನ ಕುರಿತು ಒಂದು ಕಟ್ಟಳೆಯಿದೆ. ಎತ್ತು ಆಕಸ್ಮಿಕವಾಗಿ ಯಾರನ್ನಾದರೂ ಹಾಯ್ದು ಕೊಂದರೆ ಒಡೆಯನು ನಿರಪರಾಧಿ. ಅದು ಹಾಯುವುದೆಂದು ಮೊದಲೇ ಎಚ್ಚರಿಕೆ ಪಡೆದೂ ಕಟ್ಟಿಹಾಕದಿದ್ದರೆ ಒಡೆಯನೂ ಅಪರಾಧಿ. ಎರಡೂ ಕಡೆ ಎತ್ತು ಒಂದೇ, ಸಾವೂ ಒಂದೇ. ವ್ಯತ್ಯಾಸವಿರುವುದು ಒಡೆಯನ ತಿಳಿವಿನಲ್ಲಿ. ಹಾಯುವ ಎತ್ತನ್ನು ದನದ ಸಂತೆಯಲ್ಲಿ ಬಾಯಿಬಿಡದೆ ಮಾರಿದವನನ್ನು ನಮ್ಮ ಭಾಗದ ರೈತರು ಏನೆಂದು ಕರೆಯುವರೆಂಬುದನ್ನು ಇಲ್ಲಿ ಬರೆಯಲಾಗದು. ಉಬ್ಬಿದ್ದನ್ನು ಕಾಣುವವರೆಗೆ ನಾವೂ ನಿರಪರಾಧಿಗಳೇ. ಕಂಡ ಮೇಲೆ, ವಸ್ತುವನ್ನು ಕೈಬಿಟ್ಟರೂ ತಿಳಿವು ನಮ್ಮ ಬಳಿಯೇ ಉಳಿಯುತ್ತದೆ. ಹೇಳಿದ ಹೊರತು ಅದು ಮುಂದಿನವರಿಗೆ ದಾಟುವುದಿಲ್ಲ.

'ಅಗ್ಗಕ್ಕೆ ಕೊಳ್ಳುವವನಿಗೆ ಹಳೆಯದೆಂದು ಗೊತ್ತಿಲ್ಲವೇ?' ಎಂದು ಕೇಳಬಹುದು. ಗೊತ್ತು. ಕಡಿಮೆ ಬೆಲೆಗೆ ಅವನು ಒಪ್ಪಿಕೊಂಡದ್ದು ಸವೆದ ಕೀಲಿಗಳನ್ನು, ಯಂತ್ರದ ನಿಧಾನವನ್ನು, ಬೆಂಕಿಯನ್ನಲ್ಲ. ಧಾರವಾಡದ ಸಪ್ತಾಪುರದಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹುಡುಗರು ಒಂದೇ ಕೋಣೆಯಲ್ಲಿ ಹಲವರಿರುತ್ತಾರೆ. ರಾತ್ರಿ ಚಾರ್ಜಿಗಿಟ್ಟ ಆ ಯಂತ್ರದ ಪಕ್ಕದಲ್ಲಿ ಮಲಗುವ ಗೆಳೆಯ ಯಾವ ಚೌಕಾಶಿಯಲ್ಲಿ ಪಾಲ್ಗೊಂಡಿದ್ದ?

ಕಸಕ್ಕೆ ಹಾಕುವುದು ಇನ್ನೂ ಕಠೋರ. ಒತ್ತಬಾರದ ವಸ್ತು ಕಸದ ರಾಶಿಯಡಿ ಒತ್ತಿಸಿಕೊಳ್ಳುತ್ತದೆ. ಅದನ್ನು ಮೊದಲು ಮುಟ್ಟುವವರು ನಸುಕಿನಲ್ಲಿ ನಮ್ಮ ಬೀದಿಗೆ ಬರುವ ಪೌರಕಾರ್ಮಿಕರು. ಹಳೆಯ ಬ್ಯಾಟರಿಗಳನ್ನು ಇತರ ಕಸದೊಡನೆ ಬೆರೆಸದೆ ಸಂಗ್ರಹಿಸುವವರಿಗೋ ಮರುಬಳಕೆ ಮಾಡುವವರಿಗೋ ಒಪ್ಪಿಸಬೇಕೆಂದು 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಹೇಳುತ್ತವೆ. ಅವನ್ನು ಹಿಂದಕ್ಕೆ ಪಡೆಯುವ ಹೊಣೆ ತಯಾರಕರ ಮೇಲಿದೆ. ತಯಾರಕರ ಸೇವಾಕೇಂದ್ರಕ್ಕೆ ಒಂದು ಸುತ್ತು ಹೋಗಿಬರುವ ಬೇಸರವಂತೂ ಇದ್ದೇ ಇದೆ. ಆ ಬೇಸರವನ್ನು ಪೌರಕಾರ್ಮಿಕರ ಕೈಗಳ ಪಕ್ಕದಲ್ಲಿಟ್ಟು ತೂಗಿ ನೋಡೋಣ.

ದಾನ ಮಾಡುವ ಮನಸ್ಸಿದ್ದರೆ ಅದಕ್ಕೂ ದಾರಿಯಿದೆ. ಬ್ಯಾಟರಿ ತೆಗೆಸಿದ ಮೇಲೆಯೂ ಅನೇಕ ಲ್ಯಾಪ್‌ಟಾಪ್‌ಗಳು ನೇರ ವಿದ್ಯುತ್ತಿನಿಂದ ನಡೆಯುತ್ತವೆ. ತಂತ್ರಜ್ಞರನ್ನು ಕೇಳಿ ಖಚಿತಪಡಿಸಿಕೊಂಡು, 'ಬ್ಯಾಟರಿ ತೆಗೆಯಲಾಗಿದೆ, ವಿದ್ಯುತ್ ಹೋದರೆ ಆರುತ್ತದೆ' ಎಂದು ಒಂದು ಚೀಟಿ ಅಂಟಿಸಿ ಕೊಡಬಹುದು. ಬರೆದದ್ದನ್ನು ಆಗಾಗ ಉಳಿಸಿಕೊಳ್ಳುವಂತೆ ಆ ವಿದ್ಯಾರ್ಥಿಗೆ ಬಾಯಿಮಾತಿನಲ್ಲೂ ಹೇಳಿರಿ.