ಹೂಳೆತ್ತೋಕೆ ಬಂದಿದ್ಯಾ?

2018ರಲ್ಲಿ ಪೈಥಾನ್ ಭಾಷೆಗೆ, ಷರತ್ತಿನೊಳಗೇ ವೇರಿಯೆಬಲ್‌ಗೆ ಬೆಲೆ ಕೊಡುವ ‘:=’ ಚಿಹ್ನೆ ಬರುತ್ತೆ ಅಂದಾಗ ನನಗೆ ಸಿಟ್ಟು ಬಂದಿತ್ತು. ಇದರಿಂದಲೇ ಅನ್ನ ತಿನ್ನೋನು ನಾನು, ನನ್ನನ್ನು ಕೇಳೋರೇ ಇಲ್ವಾ? ಜಗಳ ಎಷ್ಟು ಜೋರಾಯ್ತಂದ್ರೆ, ಪ್ರಸ್ತಾವವನ್ನು ಒಪ್ಪಿದ ಗೀಡೋ ವಾನ್ ರಾಸಮ್ ಬೇಸತ್ತು ಆ ಜುಲೈನಲ್ಲಿ ಮುಖಂಡತ್ವವನ್ನೇ ಬಿಟ್ಟರು.

ನಮ್ಮೂರ ಕೆರೆಗೆ ಒಬ್ಬ ನೀರುಗಂಟಿ ಇದ್ದ. ಮಳೆ ಕೈಕೊಟ್ಟ ವರ್ಷ ಊರೆಲ್ಲ ಅವನನ್ನು ಬೈಯೋದು. ಅಪ್ಪ ಮಾತ್ರ ಬೈಯೋರನ್ನು ಕೇಳ್ತಿದ್ರು: “ಗದ್ದೆಗೆ ನೀರು ಬರಲಿಲ್ಲ, ಸರಿ. ಕಾಲುವೆ ಹೂಳೆತ್ತೋಕೆ ಬಂದಿದ್ಯಾ?”

ನಾನಂತೂ ಆ ಪ್ರಸ್ತಾವವನ್ನು ಪೂರ್ತಿ ಓದಿರಲೇ ಇಲ್ಲ. ಆಮೇಲೆ ಓದಿದೆ. ಕೈಬಿಟ್ಟ ಪರ್ಯಾಯಗಳನ್ನೂ ಕಾರಣ ಸಮೇತ ಬರೆದಿಟ್ಟಿದ್ದರು.

ಹಾಗಂತ ಹೂಳೆತ್ತದವನ ಗದ್ದೆ ಒಣಗೋದಿಲ್ಲ ಅಂತಲ್ಲ. ಬಳಸುವವನಿಗೆ ತನ್ನ ತೊಂದರೆ ಹೇಳುವ ಹಕ್ಕಿದೆ, ಬೇಡ ಅಂದರೆ ಯಾಕೆ ಅಂತ ತಿಳಿಯುವ ಹಕ್ಕಿದೆ. ಹೇಳಿದ್ದೆಲ್ಲ ನಡೆಯಲೇಬೇಕು ಅನ್ನೋ ಹಕ್ಕಿಲ್ಲ.

2019ರಿಂದ ಪೈಥಾನನ್ನು ಐದು ಜನರ ಚುನಾಯಿತ ಸಮಿತಿ ನೋಡಿಕೊಳ್ತಿದೆ. ಮತ ಹಾಕೋದು ಭಾಷೆ ಕಟ್ಟುವವರು, ನನ್ನಂಥ ಬಳಕೆದಾರರಲ್ಲ. ಅದು ಈಗಲೂ ಚುಚ್ಚುತ್ತೆ. ಆದ್ರೆ ಬೈಯೋಕೆ ಮುಂಚೆ, ಒಂದಾದರೂ ಬಗ್ ಸರಿಮಾಡಿಕೊಟ್ಟಿದ್ದೀನಾ ಅಂತ ನನ್ನನ್ನೇ ಕೇಳ್ಕೋತೀನಿ. ಬಹಳ ಸಲ ಉತ್ತರ ಇಲ್ಲ ಅಂತಲೇ.